ತೇಡೆ ಮೀನಿನ ಸಾಬಕ್ಕಿ

ನಿವೃತ್ತಿಯಾಗುವ ತನಕ ನನ್ನ ಲ್ಯಾಬಿನ ಬಾಟಲಿಗಳ ಮೇಲೆ, ರಾಸಾಯನಿಕದ ಹೆಸರಿನ ಕೆಳಗೆ, ಕನ್ನಡದಲ್ಲಿ ಇನ್ನೊಂದು ಸಾಲು ಇರುತ್ತಿತ್ತು: ‘ತಿನ್ನುವುದಕ್ಕಲ್ಲ, ಚುಚ್ಚುವುದಕ್ಕಲ್ಲ.’ ಹೊಸದಾಗಿ ಸೇರಿದ ಹುಡುಗಿಯರಿಗೆ ಅದೊಂದು ತಮಾಷೆ. ‘ಲಿಲ್ಲಿ ಮೇಡಂ, ಆಡಿನ ಡಿಎನ್‌ಎ ಯಾರು ತಿಂತಾರೆ ಹೇಳಿ!’ ಎಂದು ನಗುತ್ತಿದ್ದರು. ನಾನು ಮಾತು ಮಾತಿಗೆ ಬೈಯುವ ಹೆಂಗಸು, ಆದರೆ ಈ ವಿಷಯಕ್ಕೆ ಮಾತ್ರ ನನ್ನ ಬಾಯಿ ಏಳುತ್ತಿರಲಿಲ್ಲ.

ಈಗ ಅವರಲ್ಲೇ ಒಬ್ಬಳು ಬಂದು, ಹಿಂದೆ ಪ್ರಾಣಿಗಳ ಅಂಗದಿಂದ ಹಾರ್ಮೋನು ತೆಗೆಯುತ್ತಿದ್ದ ಕ್ರಮವನ್ನು ಬರೆದುಕೊಡಿ, ಹೊಸ ಮಕ್ಕಳಿಗೆ ಉಪಯೋಗವಾಗುತ್ತದೆ ಎಂದಿದ್ದಾಳೆ. ಎಂತ ಉಪಯೋಗ ಮಾರಾಯ್ತಿ? ನಿಮಗೆ ಡಬ್ಬಿಯಲ್ಲಿ ಕಿಟ್ ಬರುತ್ತದೆ. ಇದನ್ನು ಅದಕ್ಕೆ ಹಾಕು, ಅದನ್ನು ತಿರುಗಿಸು, ಮುಗಿಯಿತು. ಆದರೂ ಬರೆಯುತ್ತೇನೆ. ಆದರೆ ನನಗೆ ಕ್ರಮ ಬರೆಯಲು ಹೋದರೆ ಗಿರಿಜಕ್ಕ ಬರುತ್ತಾಳೆ, ಅವಳ ಹಿಂದೆ ಅವಳ ಮಗಳು ಬರುತ್ತಾಳೆ. ಮನಸ್ಸಿಗೆ ಹಿತವಾಗುವುದು ಬೇಕಾದವರು ಇದನ್ನು ಇಲ್ಲೇ ಮಡಚಿಡಿ.

ನಾನು ಉಡುಪಿ ಹತ್ತಿರದ ಕೆಮ್ಮಣ್ಣು ಊರಿನವಳು. ಬಿ.ಎಸ್ಸಿ. ಮುಗಿಸಿದಾಗ ಮನೆಯವರೆಲ್ಲ ನಾನು ಕುವೈಟಿಗೋ ಬೊಂಬಾಯಿಗೋ ಹೋಗುತ್ತೇನೆಂದು ಲೆಕ್ಕ ಹಾಕಿದ್ದರು. ನಾನು ಹೋದದ್ದು ಮಣಿಪಾಲದ ಗುಡ್ಡದ ಬುಡದಲ್ಲಿದ್ದ ಒಂದು ಹಂಚಿನ ಮನೆಗೆ. ಎಪ್ಪತ್ತರ ದಶಕದ ನಡುವಿನ ಮಾತು. ಅದು ಯಾವ ಕಾಲೇಜಿಗೂ ಸೇರಿದ್ದಲ್ಲ. ಯಾರೋ ಪುಣ್ಯಾತ್ಮರು ಕೊಟ್ಟ ಅನುದಾನದಲ್ಲಿ ಉಪಾಧ್ಯ ಸರ್ ಎಂಬ ವಿಜ್ಞಾನಿ ನಡೆಸುತ್ತಿದ್ದ ಪುಟ್ಟ ಪ್ರಯೋಗಾಲಯ. ಒಂದು ಫ್ರಿಜ್, ನಡುಗುವ ಒಂದು ಸೆಂಟ್ರಿಫ್ಯೂಜ್, ಹಿತ್ತಿಲಲ್ಲಿ ಕಾರ್ಕಳದಿಂದ ತಂದ ಮೊಲಗಳ ಗೂಡು. ಹಿಂದಿನವರ ಅಡುಗೆಕೋಣೆಯೇ ನಮ್ಮ ಮುಖ್ಯ ಲ್ಯಾಬು.

ಸರ್‌ಗೆ ಒಂದೇ ಹಟ. ಇನ್ಸುಲಿನ್ ಅನ್ನು ನಮ್ಮೂರಲ್ಲೇ ತೆಗೆಯಬೇಕು, ಸಕ್ಕರೆ ಕಾಯಿಲೆಯ ಮಕ್ಕಳು ದೂರದಿಂದ ಬರುವ ಬಾಟಲಿಗೆ ಕಾಯುವಂತಾಗಬಾರದು. ಇನ್ಸುಲಿನ್ ಇರುವುದು ಹೊಟ್ಟೆಯ ಹಿಂದಿನ ಮೇದೋಜೀರಕ ಗ್ರಂಥಿಯಲ್ಲಿ. ಮೊದಲು ನಾವು ಆಡಿನ ಗ್ರಂಥಿಯನ್ನು ಉಡುಪಿಯ ಮಾಂಸದಂಗಡಿಗಳಿಂದ ತರುತ್ತಿದ್ದೆವು. ಕ್ರಮ ಇಷ್ಟು: ಗ್ರಂಥಿಯನ್ನು ತಣ್ಣಗಿರುವಾಗಲೇ ಕೊಚ್ಚಿ, ಆಮ್ಲ ಬೆರೆಸಿದ ಆಲ್ಕೋಹಾಲಿನಲ್ಲಿ ಅರೆದು ನೆನೆಹಾಕಬೇಕು. ಮಾರನೆಯ ದಿನ ತಿರುಗಿಸಿ ಚರಟ ಬೇರೆ ಮಾಡಿ, ತಿಳಿಯ ಹುಳಿ ಮುರಿಯಲು ಅಮೋನಿಯ ಹಾಕಬೇಕು. ಮತ್ತೆ ಐಸಿನಲ್ಲಿಟ್ಟ ಈಥರ್ ಸುರಿದರೆ ಇನ್ಸುಲಿನ್ ಬಿಳಿಯಾಗಿ ತಳಕ್ಕೆ ಕೂರುತ್ತದೆ. ಅದನ್ನು ಅಸಿಟೋನಿನಲ್ಲಿ ತೊಳೆದು ಒಣಗಿಸಿದರೆ ಪುಡಿ. ಓದಲಿಕ್ಕೆ ಚಂದ. ಮೇ ತಿಂಗಳ ಸೆಕೆಯಲ್ಲಿ ಈಥರಿನ ಮುಚ್ಚಳ ತೆಗೆದರೆ ಅರ್ಧ ಗಾಳಿಗೆ, ಅರ್ಧ ನಮ್ಮ ಮೂಗಿಗೆ. ಉಳಿದದ್ದು ಕರೆಂಟು ಹೋದಾಗ ಫ್ರಿಜ್ಜಿನಲ್ಲೇ ಹಾಳು.

ನಿಜವಾದ ಶತ್ರು ಬೇರೆಯೇ ಇತ್ತು. ಅದೇ ಗ್ರಂಥಿಯಲ್ಲಿ ಇನ್ಸುಲಿನ್ ಪಕ್ಕದಲ್ಲಿ ಜೀರ್ಣರಸವೂ ಇರುತ್ತದೆ. ಪ್ರಾಣಿ ಸತ್ತ ಕೂಡಲೇ ಆ ರಸ ಇನ್ಸುಲಿನ್ನನ್ನು ತಿನ್ನಲು ಶುರುಮಾಡುತ್ತದೆ. ಅಂಗಡಿಯಿಂದ ಗ್ರಂಥಿ ಗುಡ್ಡದ ಬುಡಕ್ಕೆ ಬಸ್ಸಿನಲ್ಲಿ ಬರುವಷ್ಟರಲ್ಲಿ ತಿಂದು ತೇಗಿರುತ್ತದೆ. ನಮ್ಮ ಪುಡಿಯನ್ನು ಮೊಲಕ್ಕೆ ಚುಚ್ಚಿ, ಕಿವಿಯ ನರದಿಂದ ರಕ್ತ ತೆಗೆದು ಸಕ್ಕರೆ ನೋಡುತ್ತಿದ್ದೆವು. ಸಕ್ಕರೆ ಒಂಚೂರೂ ಇಳಿಯುತ್ತಿರಲಿಲ್ಲ. ಮೊಲ ಕಿವಿ ಕೊಡವಿ ಹುಲ್ಲು ಮೇಯುತ್ತಿತ್ತು. ವರ್ಷಗಟ್ಟಲೆ ನಾನು ನೋಡಿದ್ದು ಹೀಗೆ ಹುಲ್ಲು ಮೇಯುವ ಮೊಲಗಳನ್ನೇ.

ಆಗ ಸರ್‌ಗೆ ಮೀನು ಹೊಳೆಯಿತು. ಕೆಲವು ಮೀನುಗಳಲ್ಲಿ ಇನ್ಸುಲಿನ್ ಇರುವ ಭಾಗ ಬೇರೆಯಾಗಿ, ಪಿತ್ತಕೋಶದ ಹತ್ತಿರ ಒಂದು ಬಿಳಿ ಕಾಳಿನಂತೆ ಕೂತಿರುತ್ತದೆ. ನಮ್ಮ ಕಡಲಿನ ತೇಡೆ, ಅಂದರೆ ಮೀಸೆಯ ಮೀನು, ಅಂಥದ್ದು. ಹುಟ್ಟಿದಂದಿನಿಂದ ಮೀನು ಮುಟ್ಟದ ಬ್ರಾಹ್ಮಣರು, ಸಂಜೆ ಬಾವಿಕಟ್ಟೆಯಲ್ಲಿ ಮಿಂದಲ್ಲದೆ ತಾಯಿ ಒಳಗೆ ಸೇರಿಸದ ಮನುಷ್ಯ, ಪಂಚೆ ಎತ್ತಿ ಕಟ್ಟಿ ಕಾಪುವಿನ ಮೀನು ದಡಕ್ಕೆ ಹೊರಟರು. ಮೂಗಿಗೆ ಕರವಸ್ತ್ರ. ಹಿಂದೆ ಐಸಿನ ಫ್ಲಾಸ್ಕ್ ಹಿಡಿದು ನಾನು.

ಅಲ್ಲಿ ಸಿಕ್ಕಿದವಳು ಗಿರಿಜಕ್ಕ. ಮೊಗವೀರರ ಹೆಂಗಸು, ಗಂಡ ರತ್ನಗಿರಿಯ ಕಡೆ ಬೋಟಿನಲ್ಲಿ. ದಡದಲ್ಲಿ ಮೀನು ಕೊಂಡು, ಹೆಚ್ಚಿ, ಮಾರುವುದು ಅವಳ ಕೆಲಸ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

‘ಭಟ್ರೇ, ಮೀನಿನ ಕರುಳು ಹಿಡ್ಕೊಂಡು ನೀವೆಂತ ಮಾಡುದು? ಮನೆಯಲ್ಲಿ ಗೊತ್ತುಂಟಾ?’ ಎಂದು ಅವಳು ಕೇಳಿದಾಗ ದಡವೆಲ್ಲ ನಕ್ಕಿತು.

ಸರ್ ನಗಲಿಲ್ಲ. ‘ಇದರಲ್ಲಿ ಸಕ್ಕರೆ ಕಾಯಿಲೆಗೆ ಮದ್ದುಂಟಮ್ಮ’ ಎಂದರು.

ಗಿರಿಜಕ್ಕ ಕತ್ತಿ ಕೆಳಗಿಟ್ಟಳು. ಬುಟ್ಟಿಯ ನೆರಳಲ್ಲಿ ಒಂದು ಹುಡುಗಿ ಕೂತಿದ್ದಳು. ಮೂರನೆಯದೋ ನಾಲ್ಕನೆಯದೋ ಕ್ಲಾಸಿನ ಪ್ರಾಯ, ಕಡ್ಡಿಯಂಥ ಕೈಕಾಲು. ‘ಇದಕ್ಕೆ ಆದದ್ದೂ ಅದೇ ಕಾಯಿಲೆ. ಶೋಭಾ ಅಂತ. ದಿನಾ ಇಂಜೆಕ್ಷನ್ ಚುಚ್ಚದಿದ್ರೆ ಉಳಿಯುದಿಲ್ಲ ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ನಾನೇ ಚುಚ್ಚುದು.’ ಮತ್ತೆ ಕತ್ತಿ ಎತ್ತಿಕೊಂಡು ಕೇಳಿದಳು, ‘ಮದ್ದು ಎಲ್ಲುಂಟು, ತೋರ್ಸಿ.’

ಸರ್ ತೋರಿಸಿದರು. ಅವಳು ಒಂದು ತೇಡೆಯ ಹೊಟ್ಟೆ ಸೀಳಿ, ಪಿತ್ತಕೋಶ ಒಡೆಯದ ಹಾಗೆ ಬೆರಳಾಡಿಸಿ, ಆ ಬಿಳಿ ಕಾಳನ್ನು ಉಗುರಿನ ಮೇಲೆ ಎತ್ತಿ ಹಿಡಿದಳು. ‘ಇದಾ? ಇಷ್ಟು ವರ್ಷ ಇದನ್ನು ನಾನು ಕಾಗೆಗೆ ಬಿಸಾಡಿದ್ದು. ಸಾಬಕ್ಕಿಯ ಹಾಗುಂಟು.’ ಅಂದಿನಿಂದ ನಮ್ಮ ಲ್ಯಾಬಿನಲ್ಲೂ ಅದಕ್ಕೆ ಸಾಬಕ್ಕಿ ಎಂದೇ ಹೆಸರು.

ಮೊದಲ ಸಲ ಅವಳು ಕಳಿಸಿದ ಸಾಬಕ್ಕಿ ನೋಡಿ ಸರ್ ತಲೆ ಚಚ್ಚಿಕೊಂಡರು. ಹಿಡಿಕೆಯ ಸ್ಟೀಲು ಪಾತ್ರೆಯಲ್ಲಿ ನೀಟಾಗಿ ತೊಳೆದು, ಉಪ್ಪು ಅರಸಿನ ಹಚ್ಚಿ ಕಳಿಸಿದ್ದಳು. ಮೀನನ್ನು ಕೆಡದ ಹಾಗೆ ಇಡುವುದು ಹೇಗೆಂದು ಅವಳಿಗೆ ಯಾರು ಹೇಳಬೇಕು? ‘ಇದೆಂತದು ಲಿಲ್ಲಿ, ಸಾರು ಮಾಡ್ಲಿಕ್ಕಾ?’ ಎಂದು ಸರ್ ಕೂಗಾಡಿದರು. ಮರುದಿನ ಕಾಪುವಿಗೆ ಹೋಗಿ ದೊಡ್ಡ ಪಾಠವನ್ನೇ ಮಾಡಿದರು. ಉಪ್ಪು ಬೇಡ, ಅರಸಿನ ಬೇಡ, ತೊಳೆಯಬೇಡಿ, ತೆಗೆದ ಕೂಡಲೇ ಐಸಿಗೆ ಹಾಕಿ.

‘ತಾಜಾ ಇದ್ರೆ ಮಾತ್ರ ಮದ್ದು, ಗಿರಿಜಕ್ಕ. ಹೊತ್ತಾದಷ್ಟು ಮದ್ದು ಸಾಯ್ತದೆ. ನೆನಪಿಡಿ, ತಾಜಾ ಇದ್ರೆ ಮಾತ್ರ.’

‘ತಾಜಾದ ವಿಷಯ ನೀವು ನನಗೆ ಹೇಳ್ಬೇಡಿ ಭಟ್ರೇ’ ಎಂದಳು ಗಿರಿಜಕ್ಕ. ‘ಕಣ್ಣು ನೋಡಿ ಹೇಳ್ತೇನೆ ಮೀನು ಎಷ್ಟು ಹೊತ್ತಿನದ್ದು ಅಂತ.’

ಆಮೇಲೆ ಒಂದು ಸಲವೂ ಅವಳು ತಪ್ಪಲಿಲ್ಲ. ಐಸು ಕೊಡುತ್ತಿದ್ದವರು ಹಸನಬ್ಬ, ಕಾಪುವಿನ ಬ್ಯಾರಿ ವ್ಯಾಪಾರಿ, ತಮ್ಮ ಮೀನಿನ ಟೆಂಪೊವನ್ನು ತಾವೇ ಓಡಿಸುವವರು. ಉಡುಪಿಗೆ ಬರುವಾಗ ಫ್ಲಾಸ್ಕನ್ನೂ ಗಿರಿಜಕ್ಕನನ್ನೂ ಮಗಳನ್ನೂ ಕೂರಿಸಿಕೊಂಡು ಬಂದು ನಮ್ಮ ಬಾಗಿಲಲ್ಲಿ ಇಳಿಸುತ್ತಿದ್ದರು. ‘ಬಾಯಿ, ನಿಮ್ಮ ಸಾಬಕ್ಕಿ ಬಂತು’ ಎಂದು ಹಾರ್ನ್ ಬಾರಿಸುತ್ತಿದ್ದರು. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಈ ಕಡೆಯವರು ಬಾಯಿ ಎಂದೇ ಕರೆಯುವುದು.

ಶೋಭಾಳಿಗೆ ಲ್ಯಾಬೆಂದರೆ ಪ್ರಾಣ. ಬಂದ ದಿನವೆಲ್ಲ ನಾನು ಅವಳ ಮೂತ್ರ ಪರೀಕ್ಷೆ ಮಾಡುತ್ತಿದ್ದೆ. ಬೆನೆಡಿಕ್ಟ್ ದ್ರಾವಣ ಎಂದರೆ ನಿಮಗೀಗ ಗೊತ್ತಿರಲಿಕ್ಕಿಲ್ಲ. ನೀಲಿ ನೀರು. ಅದಕ್ಕೆ ಕೆಲವು ಹನಿ ಮೂತ್ರ ಹಾಕಿ ದೀಪದ ಮೇಲೆ ಕುದಿಸಿದರೆ, ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಸ್ವಲ್ಪ ಇದ್ದರೆ ಹಸಿರು, ತುಂಬ ಇದ್ದರೆ ಇಟ್ಟಿಗೆಯ ಕೆಂಪು. ಅವಳು ಬೆಂಚಿನ ಅಂಚಿಗೆ ಗಲ್ಲ ಊರಿ ನೋಡುತ್ತಿದ್ದಳು. ‘ಬಾಯಿ, ಇವತ್ತು ಯಾವ ಬಣ್ಣ?’ ನೀಲಿ ಬಂದರೆ ಮೊಲಗಳಿಗೆ ಹುಲ್ಲು ಹಾಕಲು ಬಿಡಬೇಕೆಂಬುದು ಅವಳ ಕರಾರು. ಕೆಂಪು ಬಂದ ದಿನವೂ ನಾನು ಬಿಡುತ್ತಿದ್ದೆ ಎನ್ನಿ.

ಸೂಜಿಯೆಂದರೆ ಆ ಮಗುವಿಗೆ ಯಮ. ಆಗಿನ ಸೂಜಿ ಈಗಿನ ಕೂದಲೆಳೆಯಂಥದ್ದಲ್ಲ. ಗಾಜಿನ ಸಿರಿಂಜು, ದಪ್ಪ ಸೂಜಿ, ಕುದಿಸಿ ಕುದಿಸಿ ಮೊನೆ ಮೊಂಡಾಗಿರುತ್ತಿತ್ತು. ಅವಳ ತೊಡೆಯಲ್ಲಿ ಗಂಟುಗಂಟು. ‘ಸಾಬಕ್ಕಿಯ ಮದ್ದು ಯಾವಾಗ ಆಗುದು ಸರ್?’ ಎಂದು ಅವಳು ಕೇಳುತ್ತಿದ್ದಳು. ಸರ್, ‘ಆಗ್ತದೆ ಮಗಾ, ಬೇಗ ಆಗ್ತದೆ’ ಎನ್ನುತ್ತಿದ್ದರು. ಅವರಿಗೂ ಅದೇ ನಂಬಿಕೆ ಇತ್ತು. ‘ಅಲ್ಲಿಯ ತನಕ ಇಂಜೆಕ್ಷನ್ ಬಿಡ್ಬೇಡಿ’ ಎಂದು ನಾನು ಗಿರಿಜಕ್ಕನಿಗೆ ಹೇಳಿದರೆ ಅವಳಿಗೆ ಸಿಟ್ಟು. ‘ಬಿಡ್ತೇನಾ ಬಾಯಿ? ನನಗೆ ಮರ್ಲಾ, ಹುಚ್ಚಾ?’

ಮಳೆಗಾಲ ಹಿಡಿಯುವ ಮೊದಲು, ಬೋಟುಗಳು ದಡಕ್ಕೇರುವ ಹೊತ್ತಿಗೆ, ಕಾಪುವಿನಲ್ಲಿ ತೇಡೆ ರಾಶಿ ಬಿತ್ತು. ಗಿರಿಜಕ್ಕ ಹಸನಬ್ಬರ ಕೈಯಲ್ಲಿ ಫ್ಲಾಸ್ಕ್ ತುಂಬ ಸಾಬಕ್ಕಿ ಕಳಿಸಿದಳು. ಅಷ್ಟು ಒಳ್ಳೆಯ ಮಾಲು ನಮಗೆ ಎಂದೂ ಸಿಕ್ಕಿರಲಿಲ್ಲ. ಸರ್ ಹುಡುಗನಂತೆ ಓಡಾಡಿದರು. ಬಂದ ಗಳಿಗೆಯಲ್ಲೇ ಅರೆದು ನೆನೆಹಾಕಿದೆವು. ಅವಳು ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ, ‘ಬಿಡುವಿಲ್ಲ, ಮೀನು ಉಂಟಲ್ಲ’ ಎಂದರು ಹಸನಬ್ಬ.

ಪುಡಿ ಒಣಗುತ್ತಿದ್ದ ದಿನ ಬೆಳಿಗ್ಗೆ ಟೆಂಪೊ ಬಂತು. ಹಾರ್ನ್ ಬಾರಿಸಲಿಲ್ಲ. ಹಸನಬ್ಬ ಓಡಿ ಬಂದು, ‘ಬಾಯಿ, ಭಟ್ರನ್ನು ಕರೀರಿ, ಬೇಗ’ ಎಂದರು. ಮುಂದಿನ ಸೀಟಿನಲ್ಲಿ ಗಿರಿಜಕ್ಕನ ಮಡಿಲಲ್ಲಿ ಶೋಭಾ. ಕಣ್ಣು ಅರೆಮುಚ್ಚಿತ್ತು, ಎದೆ ತಿದಿಯಂತೆ ಏರಿಳಿಯುತ್ತಿತ್ತು. ನಾನು ಬಗ್ಗಿದೆ. ಅವಳ ಉಸಿರಿನಲ್ಲಿ ಅಸಿಟೋನಿನ ವಾಸನೆ. ಒಳಗೆ ಪುಡಿ ತೊಳೆಯಲಿಕ್ಕೆ ನಾನು ದಿನಾ ಸುರಿಯುತ್ತಿದ್ದ ಅದೇ ಅಸಿಟೋನು. ‘ಸಾಯ್ಬಾ, ದೇವರೇ!’ ಎಂದು ಶಿಲುಬೆಯ ಗುರುತು ಮಾಡಿಕೊಂಡೆ. ಮೈಯಲ್ಲಿ ಇನ್ಸುಲಿನ್ ಇಲ್ಲದಾಗ ಬರುವ ವಾಸನೆ ಅದು.

‘ಆಸ್ಪತ್ರೆಗೆ ಹೋಗುದು ಬಿಟ್ಟು ಇಲ್ಲಿಗೆ ಎಂತಕ್ಕೆ ಬಂದದ್ದು?’ ಎಂದು ನಾನು ಕಿರುಚಿದೆ.

‘ನಾನು ಹೇಳಿದೆ ಬಾಯಿ’ ಎಂದರು ಹಸನಬ್ಬ. ‘ಇವಳು ಕೇಳುದಿಲ್ಲ. ಭಟ್ರ ಹತ್ರವೇ ಅಂತ ಹಟ.’

ಸರ್ ಚಪ್ಪಲಿಯಿಲ್ಲದೆ ಓಡಿ ಬಂದು ಹತ್ತಿಕೊಂಡರು, ನಾನೂ ತೂರಿಕೊಂಡೆ. ಟೆಂಪೊ ಆಸ್ಪತ್ರೆಯ ಗುಡ್ಡ ಏರತೊಡಗಿತು. ‘ಕೊನೆಯ ಇಂಜೆಕ್ಷನ್ ಯಾವಾಗ ಕೊಟ್ಟದ್ದು?’ ಎಂದು ಕೇಳಿದೆ.

‘ಬೇಡ ಅಂತ ಕಾಲು ಹಿಡಿದು ಅತ್ತಳು ಬಾಯಿ. ತೊಡೆ ಮುಟ್ಲಿಕ್ಕೇ ಬಿಡುದಿಲ್ಲ. ಅದಕ್ಕೆ ಸಾಬಕ್ಕಿ ಕೊಟ್ಟೆ.’

‘ಎಂತ ಕೊಟ್ಟದ್ದು?’

‘ಸಾಬಕ್ಕಿ. ಹಸಿಯಾಗಿಯೇ ನುಂಗಿಸಿದೆ. ಉಪ್ಪಿಲ್ಲ, ಅರಸಿನ ಇಲ್ಲ, ನೀರು ಸಹ ಮುಟ್ಟಿಸ್ಲಿಲ್ಲ. ಬೆಳಿಗ್ಗೆ ಸಂಜೆ ಮುಷ್ಟಿ ಮುಷ್ಟಿ ಕೊಟ್ಟಿದ್ದೇನೆ. ಬಾಟ್ಲಿಯದ್ದು ಯಾವ ಕಾಲದ್ದೋ ಎಂತೋ. ಇದು ದಡಕ್ಕೆ ಬಂದ ಕೂಡ್ಲೇ ತೆಗ್ದದ್ದು.’ ಅವಳು ಸರ್ ಕಡೆ ತಿರುಗಿದಳು. ‘ನೀವೇ ಹೇಳಿದ್ದಲ್ವಾ ಭಟ್ರೇ, ತಾಜಾ ಇದ್ರೆ ಮಾತ್ರ ಮದ್ದು ಅಂತ? ಮೊದಲು ಎರಡು ದಿನ ಆಡಿಕೊಂಡೇ ಇದ್ದಳು. ಮತ್ತೆ ಹೀಗಾಯ್ತು. ನಾನು ಕೊಟ್ಟದ್ದು ಕಮ್ಮಿ ಆಯ್ತೋ ಏನೋ. ನಿಮ್ಮ ಪುಡಿ ಸ್ವಲ್ಪ ಕೊಡಿ.’

ಅವಳ ಲೆಕ್ಕದಲ್ಲಿ ತಪ್ಪೆಲ್ಲಿತ್ತು ಹೇಳಿ. ಮದ್ದು ಆ ಕಾಳಿನಲ್ಲಿದೆ ಎಂದವರು ವಿಜ್ಞಾನಿ. ತಾಜಾ ಇದ್ದಷ್ಟು ಒಳ್ಳೆಯದು ಎಂದವರೂ ಅವರೇ. ಜೀವಮಾನವಿಡೀ ತಾಜಾ ಮೀನನ್ನೇ ನಂಬಿದ ಹೆಂಗಸು ಹಳಸಲು ಬಾಟಲಿ ಬಿಟ್ಟು ತಾಜಾ ಕಾಳನ್ನು ಆರಿಸಿಕೊಂಡಳು. ಆದರೆ ಇನ್ಸುಲಿನ್ ಹೊಟ್ಟೆಗೆ ಹೋದರೆ ಮುಗಿಯಿತು. ಆಡಿನ ಗ್ರಂಥಿಯಲ್ಲಿ ನಮ್ಮನ್ನು ವರ್ಷಗಟ್ಟಲೆ ಸೋಲಿಸಿದ ಜೀರ್ಣರಸ ಆ ಮಗುವಿನ ಹೊಟ್ಟೆಯಲ್ಲೂ ಇತ್ತು. ಅದು ಒಂದೊಂದು ಕಾಳನ್ನೂ ಬರೀ ಮೀನಿನ ತುಂಡಿನ ಹಾಗೆ ಅರಗಿಸಿತು. ರಕ್ತಕ್ಕೆ ಒಂದು ಕಣವೂ ಸೇರಲಿಲ್ಲ.

ಆಸ್ಪತ್ರೆಯಲ್ಲಿ ಮಾಡುವುದನ್ನೆಲ್ಲ ಮಾಡಿದರು. ಅವರ ಮೇಲೆ ಒಂದು ಮಾತು ಹೇಳುವ ಹಾಗಿಲ್ಲ. ಮಾರನೆಯ ದಿನ ಮಧ್ಯಾಹ್ನ ಶೋಭಾ ತೀರಿಕೊಂಡಳು. ಹಸನಬ್ಬರ ಟೆಂಪೊದಲ್ಲೇ ಅವಳನ್ನು ಕಾಪುವಿಗೆ ಕೊಂಡುಹೋದರು. ಗಿರಿಜಕ್ಕನಿಗೆ ಡಾಕ್ಟರು ಏನು ಹೇಳಿದರೋ, ಅವಳಿಗೆ ಏನು ಅರ್ಥವಾಯಿತೋ ನನಗೆ ತಿಳಿಯದು. ಅವಳು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಪುಡಿ ಡೆಸಿಕೇಟರಿನಲ್ಲಿ, ಒಣಗಲಿಕ್ಕಿಡುವ ಗಾಜಿನ ಗೂಡಿನಲ್ಲಿ, ಹಾಗೆಯೇ ಇತ್ತು. ಬಿಸಾಡುವ ಮನಸ್ಸು ಇಬ್ಬರಿಗೂ ಆಗಲಿಲ್ಲ. ಆ ವಾರವೇ ಮೊಲಕ್ಕೆ ಚುಚ್ಚಿದೆವು, ಚುಚ್ಚಬೇಕೆಂದು ಚುಚ್ಚಿದ್ದು, ಆಸೆಯೇನೂ ಇರಲಿಲ್ಲ. ನಾನು ರಕ್ತ ತೆಗೆಯಲು ಕಿವಿ ಉಜ್ಜುತ್ತಿದ್ದೆ. ಮೊಲದ ತಲೆ ವಾಲಿತು, ಕಾಲುಗಳು ಸೆಟೆದವು, ಮೈಯೆಲ್ಲ ಅದುರತೊಡಗಿತು. ಇಷ್ಟು ವರ್ಷ ನಾವು ಕಾದದ್ದು ಇದಕ್ಕೇ. ಸಕ್ಕರೆ ಇಳಿದಿತ್ತು, ಪಾತಾಳಕ್ಕೆ ಇಳಿದಿತ್ತು. ಗಿರಿಜಕ್ಕನ ಸಾಬಕ್ಕಿ ಕೆಲಸ ಮಾಡಿತ್ತು.

‘ಗ್ಲೂಕೋಸ್, ಗ್ಲೂಕೋಸ್ ಕೊಡು ಲಿಲ್ಲಿ!’ ಎಂದು ಸರ್ ಕೂಗಿದರು. ಚುಚ್ಚಿದೆ. ಸ್ವಲ್ಪ ಹೊತ್ತಿಗೆ ಮೊಲ ಎದ್ದು ಕೂತು, ಕಿವಿ ಕೊಡವಿ, ಹುಲ್ಲಿಗೆ ಮೂತಿ ಹಾಕಿತು. ಸರ್ ಅದನ್ನು ನೋಡುತ್ತ ನೆಲದ ಮೇಲೆ ಕೂತುಬಿಟ್ಟರು. ‘ಮೊಲ ಉಳೀತು ನೋಡು’ ಎಂದರು, ಮತ್ತೆ ಮುಖ ಮುಚ್ಚಿಕೊಂಡು ಅತ್ತರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೊಲದ ಮೇಲೆ, ಸರ್ ಮೇಲೆ, ಕೆಲಸ ಮಾಡಿದ ಆ ಹಾಳು ಪುಡಿಯ ಮೇಲೆ.

ಮಳೆಗಾಲದಲ್ಲಿ ಅನುದಾನ ಕೊಟ್ಟವರು ಸಾಕು ಎಂದರು. ಹೊರದೇಶದಲ್ಲಿ ಬ್ಯಾಕ್ಟೀರಿಯಾಗಳಿಂದಲೇ ಇನ್ಸುಲಿನ್ ಮಾಡಿಸುತ್ತಿದ್ದಾರಂತೆ, ಇನ್ನು ಮೀನು ಯಾಕೆ, ಆಡು ಯಾಕೆ. ಮಾತು ಸರಿಯಾದದ್ದೇ. ನಾವು ಗೆದ್ದ ಪದ್ಧತಿ ಗೆದ್ದ ತಿಂಗಳಲ್ಲೇ ಹಳತಾಯಿತು. ಲ್ಯಾಬು ಮುಚ್ಚಬಾರದೆಂದು ಸರ್ ಡಿಎನ್‌ಎ ತೆಗೆಯುವ ಕೆಲಸ ಹಿಡಿದರು. ಅಂಗಾಂಶವನ್ನು ಅರೆದು, ಸೋಪಿನಂಥ ದ್ರಾವಣದಲ್ಲಿ ಜೀವಕೋಶಗಳನ್ನು ಒಡೆದು, ಫೀನಾಲ್ ಹಾಕಿ ಅಲ್ಲಾಡಿಸಿದರೆ ಪ್ರೋಟೀನು ಬೇರೆಯಾಗುತ್ತದೆ. ಫೀನಾಲ್ ಕೈಗೆ ತಾಗಿದರೆ ಚರ್ಮ ಬಿಳಿಚಿಕೊಂಡು ಸುಡುತ್ತದೆ, ನನ್ನ ಎಡಗೈಯಲ್ಲಿ ಗುರುತು ಇನ್ನೂ ಉಂಟು. ಕೊನೆಗೆ ಮೇಲಿನ ನೀರಿನ ಪದರಕ್ಕೆ ತಣ್ಣಗಿನ ಆಲ್ಕೋಹಾಲನ್ನು ಮೆಲ್ಲಗೆ ಸುರಿದು ಗಾಜಿನ ಕಡ್ಡಿ ತಿರುಗಿಸಿದರೆ ಡಿಎನ್‌ಎ ಬಿಳಿ ನೂಲಾಗಿ ಸುತ್ತಿಕೊಳ್ಳುತ್ತದೆ. ನಾವು ಅಭ್ಯಾಸ ಮಾಡಿದ್ದು ಹೂಡೆಯ ದಡದಿಂದ ತಂದ ಮೀನಿನ ಪಿತ್ತಜನಕಾಂಗದಲ್ಲಿ. ಕಾಪುವಿನ ದಡಕ್ಕೆ ಸರ್ ಮತ್ತೆ ಕಾಲಿಡಲಿಲ್ಲ.

ಬೋಟುಗಳು ಪುನಃ ಕಡಲಿಗಿಳಿದ ಮೇಲೆ ಒಂದು ಮಧ್ಯಾಹ್ನ ಗಿರಿಜಕ್ಕ ಬಂದಳು. ಒಬ್ಬಳೇ, ಬಸ್ಸಿನಲ್ಲಿ. ಕೈಯಲ್ಲಿ ನಮ್ಮ ಅದೇ ಫ್ಲಾಸ್ಕ್. ಸರ್ ಊರಲ್ಲಿರಲಿಲ್ಲ. ನಾನು ಕಡ್ಡಿ ತಿರುಗಿಸುತ್ತಿದ್ದೆ. ಅವಳು ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು, ‘ಬೇರೆಯವರ ಮಕ್ಕಳಿಗಾದ್ರೂ ಆಗ್ಲಿ ಬಾಯಿ’ ಎಂದಳು.

ಆ ಕೆಲಸ ನಿಂತಿತು ಎಂದು ಹೇಳಬೇಕಾಯಿತು. ಹೇಗೆ ಹೇಳಿದೆನೋ ದೇವರಿಗೇ ಗೊತ್ತು. ಅವಳು ಮುಚ್ಚಳ ತೆಗೆದು ಒಳಗೆ ನೋಡಿದಳು, ಪುನಃ ಮುಚ್ಚಿದಳು.

‘ಒಂದು ಕೇಳ್ತೇನೆ, ಸುಳ್ಳು ಹೇಳ್ಬೇಡಿ. ನಾನು ಅವಳಿಗೆ ಕೊಟ್ಟದ್ದು ಮದ್ದೇ ಅಲ್ವಾ? ವಿಷ ಅಲ್ಲ ಅಲ್ವಾ?’

‘ಮದ್ದೇ ಗಿರಿಜಕ್ಕ. ಒಳ್ಳೆಯ ಮದ್ದು. ನೀವು ಕಳಿಸಿದ್ದು ಮೊಲದ ಮೈಯಲ್ಲಿ ಕೆಲಸ ಮಾಡಿತು.’

‘ಮೊಲಕ್ಕೆ ತಿನ್ಸಿದ್ರಾ?’

‘ಇಲ್ಲ. ಚುಚ್ಚಿದ್ದು.’

ಅವಳು ತಲೆಯಾಡಿಸಿದಳು. ತುಂಬ ಹೊತ್ತು ನನ್ನ ಕೈಯ ಕಡ್ಡಿಯನ್ನೇ ನೋಡಿದಳು. ನೂಲು ನೆನೆದ ಶಾವಿಗೆಯ ಹಾಗೆ ಅದಕ್ಕೆ ಸುತ್ತಿಕೊಂಡಿತ್ತು. ‘ಇದು ಎಂತದ್ದು?’

‘ಮೀನಿನದ್ದೇ. ಡಿಎನ್‌ಎ ಅಂತ.’

‘ತಿನ್ನುದಾ, ಚುಚ್ಚುದಾ?’

ಇಷ್ಟು ವರ್ಷ ಯಾರೂ ನಮ್ಮನ್ನು ಈ ಪ್ರಶ್ನೆ ಕೇಳಿರಲಿಲ್ಲ. ನಾವಾಗಿ ಯಾರಿಗೂ ಹೇಳಿರಲಿಲ್ಲ.

‘ಎರಡೂ ಅಲ್ಲ ಗಿರಿಜಕ್ಕ.’

‘ಹಾಗಾದ್ರೆ ಬರೀರಿ. ಬಾಟ್ಲಿಯ ಮೇಲೆ ಬರೀರಿ. ನಮ್ಮಂಥವರು ಬರ್ತಾರಲ್ಲ ಇಲ್ಲಿಗೆ.’

ನಾನು ಕಾಗದ ಹರಿದು ಗೋಂದು ಹಚ್ಚಿ, ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ‘ಎಂತ ಬರ್ದದ್ದು, ಓದಿ’ ಎಂದಳು. ಓದಿದೆ. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳು ಎಳೆದಳು. ‘ಇನ್ನೊಮ್ಮೆ ಓದಿ ಬಾಯಿ’ ಎಂದಳು. ಇನ್ನೊಮ್ಮೆ ಓದಿದೆ.